ಮಾಳಿಗೆಯ ಮೇಲೆ ಆಡಿದ ಮಾತು

ಶಹಾಬಾದ
ಶ್ರಾವಣದ ಗುರುವಾರ, ೧೯೭೯

ನನ್ನ ಅಂಬಾರಾಯಾ,

ಮೌಲಾಲಿಯ ಲಾರಿ ನಾಳೆ ಬೆಳಿಗ್ಗೆ ನಮ್ಮೂರ ಕಡೆ ಕಲ್ಲು ತುಂಬಲು ಬರುತ್ತದೆ. ಅವನ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ಅವನಿಗೆ ಓದಲು ಬರುವುದು ಉರ್ದು ಮಾತ್ರ, ಅದೊಂದು ಧೈರ್ಯ. ಖಣಿಯಲ್ಲಿ ನಾಲ್ಕು ಮಂದಿಯ ಎದುರಿಗೆ ಒಡೆಯಬೇಡ. ಮನೆಗೆ ಹೋಗಿ, ಮೊದಲು ಉಂಡು, ಆಮೇಲೆ ಓದು. ಉಣ್ಣದೆ ಓದಿದರೆ ನೀನು ಮತ್ತೆ ತಾಟಿನ ಮುಂದೆ ಕೂರುವುದಿಲ್ಲ, ನಿನ್ನ ಸ್ವಭಾವ ನನಗೆ ಗೊತ್ತು. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಇಪ್ಪತ್ತು ವರ್ಷ ಊರ ಮಕ್ಕಳ ಕೈ ಹಿಡಿದು ದುಂಡಗೆ ಬರೆಸಿದವಳು ನಾನು. ಇವತ್ತು ನನ್ನ ಕೈ ಹಿಡಿಯುವವರು ಯಾರೂ ಇಲ್ಲ.

ಸೋಮವಾರ ಬಸವಂತರಾಯ ಜೈಲಿನಿಂದ ಬಿಡುಗಡೆಯಾಗಿ ಬರುತ್ತಾನೆ. ಅದು ನಿನಗೆ ಗೊತ್ತಿದೆ. ನೀನು ಕೊಡಲಿಯ ಹಳೆಯ ಹಿಡಿ ತೆಗೆಸಿ ಹೊಸ ಕಾವು ಹಾಕಿಸಿಟ್ಟುಕೊಂಡಿದ್ದೀಯೆ. ಅದು ನನಗೆ ಗೊತ್ತಾಗಿದೆ.

ಯಾರು ಹೇಳಿದರು ಎಂದು ಹಲ್ಲು ಕಚ್ಚಬೇಡ, ನಾನೇ ಹೇಳುತ್ತೇನೆ. ಹೋದ ಭಾನುವಾರ ನಾನು ಊರಿಗೆ ಬಂದಾಗ ನೀನು ವಾಡಿಗೆ ಹೋಗಿದ್ದೆ. ಅಡುಗೆಮನೆ ಸೋರುತ್ತಿತ್ತು. ಸೋರುವ ಕಡೆ ಹಾಕಲು ಬುಟ್ಟಿಯಲ್ಲಿ ಮಣ್ಣು ತುಂಬಿಕೊಂಡು ಮಾಳಿಗೆ ಹತ್ತಿದೆ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹತ್ತಿದ್ದು. ನಮ್ಮ ಮಾಳಿಗೆಗೂ ಅವರ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಕಟ್ಟೆಯೊಂದೇ ತಾನೆ? ಆ ಕಡೆ ಬಸವಂತರಾಯನ ಹೆಂಡತಿ ಲಲಿತಾಬಾಯಿ ಸೆರಗು ಸಿಕ್ಕಿಸಿಕೊಂಡು ಮಣ್ಣು ತುಳಿಯುತ್ತಿದ್ದಳು. ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ನೋಡಿ ಕಾಲು ನಿಲ್ಲಿಸಿದಳು. ಇಳಿದುಬಿಡಬೇಕೆಂದು ಬುಟ್ಟಿ ಎತ್ತಿಕೊಂಡೆ. ಅವಳೇ ಕಟ್ಟೆಯ ಹತ್ತಿರ ಬಂದಳು.

"ಶಿವಕ್ಕಾ, ಸೋಮವಾರ ಅವರಿಗಿ ಬಿಡ್ತಾರಂತ. ನಿಮ್ಮ ಅಂಬಾರಾಯ ಕೊಡ್ಲಿಗಿ ಹೊಸ ಕಾವ್ ಹಾಕ್ಸ್ಯಾನಂತ ಬಡಿಗೇರ ಮನ್ಯಾಗ ಹೇಳ್ಲಿಕತ್ತಾರ. ಖರೆ ಏನು? ಅವರಿಗಿ ಊರಿಗಿ ಕರ್ಕೊಂಡು ಬರ್ಲೋ, ಬ್ಯಾಡೋ? ನೀ ಹೇಳಿದಂಗ ಮಾಡ್ತೀನಿ."

ಅಂಬೂ, ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀ ಹೇಳಿದಂಗ ಮಾಡ್ತೀನಿ ಎಂದಳಲ್ಲ, ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿದೆ. ಯಾಕೆಂದರೆ ಇದಕ್ಕೂ ಮೊದಲು ಒಂದು ಸಲ, ಅದೇ ಕಟ್ಟೆಯ ಹತ್ತಿರ ನಿಂತು ನಾನು ಹೇಳಿದ ಹಾಗೆ ಅವಳು ಮಾಡಿದ್ದಳು. ಅದರಿಂದಲೇ ನಿನ್ನಪ್ಪ ಸತ್ತ.

ಈಗ ಕಾಗದ ಹರಿಯಬೇಡ. ಮುಂದೆ ಓದು.

ನೀನು ಕೇಳಿ ಬೆಳೆದ ಕತೆ ನಾನು ಹೇಳಿದ್ದೇ. ನಿನ್ನಪ್ಪ ನಾಗೇಂದ್ರಪ್ಪ ದಸರೆಯ ಸಂಜೆ ಹಳೆಯ ಹಗೆ ಮರೆತು ಬನ್ನಿ ಕೊಡಲು ಬಸವಂತರಾಯನ ಬಾಗಿಲಿಗೆ ಹೋದ, ಅವನು ಹಾರೆಯಿಂದ ಹೊಡೆದು ಕೊಂದ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ನಡುವಿನ ಒಂದು ಹಾಳೆಯನ್ನು ನಾನು ಹರಿದು ಬಚ್ಚಿಟ್ಟುಕೊಂಡಿದ್ದೆ.

ಮೊದಲಿನಿಂದ ಹೇಳುತ್ತೇನೆ. ಅವರಿಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಮಠದ ಗುರುಲಿಂಗಯ್ಯನವರು ಒಂದೇ ದಿನ ಇಬ್ಬರಿಗೂ ಅಕ್ಷರ ಹಾಕಿದ್ದರು. ದೊಡ್ಡವರಾಗಿ ಪಕ್ಕಪಕ್ಕದಲ್ಲಿ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿ ತೆಗೆದರು. ಎರಡು ಖಣಿಗಳ ನಡುವೆ ಕೀಳದೆ ಬಿಟ್ಟ ಕಲ್ಲಿನ ನಡುಗೋಡೆ ಇರುತ್ತದಲ್ಲ, ಅದನ್ನು ಇಬ್ಬರೂ ಮುಟ್ಟಬಾರದು ಎಂಬುದು ಖಣಿಯವರ ರೀತಿ, ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಒಳ್ಳೆಯ ಕಲ್ಲು ಅಲ್ಲೇ ಇತ್ತು. ತಟ್ಟಿದರೆ ಗಂಟೆಯ ಹಾಗೆ ನಾದ ಕೊಡುವ ಕಲ್ಲು. ನಿನ್ನಪ್ಪ ಈ ಕಡೆಯಿಂದ ಚೂರು ಚೂರು ಕಿತ್ತ, ಅವನು ಆ ಕಡೆಯಿಂದ ಚೂರು ಚೂರು ಕಿತ್ತ. ಇಬ್ಬರೂ ಕಣ್ಣು ತಪ್ಪಿಸಿ ಕಿತ್ತರು. ಅರವತ್ತೆರಡರ ಮಳೆಗಾಲದಲ್ಲಿ ನಡುಗೋಡೆಯ ಒಂದು ತುದಿ ಕುಸಿದು ಎರಡೂ ಖಣಿ ಸೇರಿ ಒಂದೇ ಕೆರೆಯಾಯಿತು. ಒಂದು ಇಡೀ ವರ್ಷದ ಕೆಲಸ ನೀರಿನಲ್ಲಿ ಮುಳುಗಿತು. ನೀ ತಿಂದೆ ಎಂದ ಇವನು, ನೀ ತಿಂದೆ ಎಂದ ಅವನು. ನಾನೂ ತಿಂದೆ ಎಂದು ಒಬ್ಬನಾದರೂ ಅಂದಿದ್ದರೆ ನೀನಿವತ್ತು ಕೊಡಲಿ ಹಿಡಿಯುತ್ತಿರಲಿಲ್ಲ.

ಆಮೇಲೆ ನೋಡು, ಹಗೆಗೆ ಮೇವು ತಾನಾಗಿಯೇ ಸಿಗುತ್ತ ಹೋಯಿತು. ಅವರ ಎತ್ತು ಕಾಲು ಮುರಿದುಕೊಂಡಿತು, ನಾಗೇಂದ್ರಪ್ಪ ಮುರಿಸಿದ ಎಂದರು. ನಮ್ಮ ಬಣವೆಗೆ ಬೆಂಕಿ ಬಿತ್ತು, ಬಸವಂತರಾಯ ಹಚ್ಚಿಸಿದ ಎಂದೆವು. ಎತ್ತು ತನ್ನಷ್ಟಕ್ಕೆ ಗುಂಡಿಗೆ ಬಿದ್ದದ್ದನ್ನು ಕಂಡವರಿದ್ದರು. ಬಣವೆಯ ಹತ್ತಿರ ನಮ್ಮ ಆಳೇ ಬೀಡಿ ಸೇದುತ್ತಿದ್ದ. ಗೊತ್ತಿದ್ದವರು ಬಾಯಿ ಬಿಡಲಿಲ್ಲ, ಬಿಟ್ಟರೂ ಯಾರೂ ಕೇಳುತ್ತಿರಲಿಲ್ಲ. ಎರಡು ಮನೆಯ ನಡುವೆ ಬೆಂಕಿ, ನೀರು, ಮಾತು ಬಂದಾದವು. ಊರಿನಲ್ಲಿ ಅವರ ಕಡೆಯವರು, ನಮ್ಮ ಕಡೆಯವರು ಎಂದು ಹೋಟೆಲಿನ ಬೆಂಚುಗಳು ಕೂಡ ಬೇರೆಯಾದವು.

ನಾನು ಮತ್ತು ಲಲಿತಾ ಮಾತ್ರ ಮಾತು ಬಿಡಲಿಲ್ಲ. ಹತ್ತೊಂಬತ್ತಕ್ಕೆ ಗಂಡನನ್ನು ಕಳಕೊಂಡು ತಮ್ಮನ ಮನೆಗೆ ವಾಪಸು ಬಂದ ನನ್ನ ಹತ್ತಿರ, ಬೇರೆಯವರು ಕನಿಕರ ಹಿಡಿದುಕೊಂಡು ಬರುತ್ತಿದ್ದರು. ಲಲಿತಾ ಬೇಳೆ ಹಸನು ಮಾಡುವ ಮೊರ ಹಿಡಿದುಕೊಂಡು ಬರುತ್ತಿದ್ದಳು. ನಾನು ಓದಿ ಸಾಲಿ ಟೀಚರಾದಾಗ ಊರಿಗೆಲ್ಲ ಸಕ್ಕರೆ ಹಂಚಿದವಳು ಅವಳು. ಗಂಡಸರು ಹೊರಗೆ ಹೋದಮೇಲೆ ಮಾಳಿಗೆ ಹತ್ತಿ, ಕಟ್ಟೆಯ ಎರಡು ಕಡೆ ಕೂತು, ಮೆಣಸಿನಕಾಯಿ ಕಾಯುವ ನೆಪದಲ್ಲಿ ಮಾತಾಡುತ್ತಿದ್ದೆವು.

ಅರವತ್ತೈದರ ದಸರೆ ಬಂತು. ನಿನಗೆ ನಾಲ್ಕು ವರ್ಷ. ಊರ ಗೌಡರು ಜಗಳಕ್ಕೆ ಹೆದರಿ, ಈ ಸಲ ನೀವಿಬ್ಬರೂ ಬನ್ನಿ ಮುಡಿಯಲು ಗಿಡದ ಹತ್ತಿರ ಬರಬೇಡಿ, ಮನೆಗೇ ಕಳಿಸುತ್ತೇವೆ ಎಂದು ಎರಡು ಮನೆಗೂ ಹೇಳಿ ಕಳಿಸಿದ್ದರು. ಹಬ್ಬದ ಹಿಂದಿನ ದಿನ ನೀನು ಮಾಳಿಗೆಯ ಮೇಲೆ ಆಡುತ್ತ ಕಟ್ಟೆ ದಾಟಿ ಆ ಕಡೆಗೆ ಹೋದೆ. ಲಲಿತಾ ನಿನ್ನ ಕೈಗೆ ಶೇಂಗಾ ಉಂಡೆ ಕೊಟ್ಟಳು. ಕುಣಿಯುತ್ತ ಕೆಳಗಿಳಿದು ಬಂದೆಯಲ್ಲ, ನಿನ್ನಪ್ಪ ಅದನ್ನು ಕಸಿದು ಬೀದಿಗೆ ಎಸೆದು ನಿನ್ನ ಕೆನ್ನೆಗೆ ಹೊಡೆದ. ಐದು ಬೆರಳೂ ಮೂಡಿದ್ದವು. ನೀನು ಅಳಲಿಲ್ಲ, ಅವನ ಮುಖವನ್ನೇ ನೋಡುತ್ತ ನಿಂತೆ. ಅವನು ಅವತ್ತು ಉಣ್ಣಲಿಲ್ಲ.

ಮರುದಿನ, ಹಬ್ಬದ ಮಧ್ಯಾಹ್ನ, ಹಿತ್ತಲಿನ ಕಲ್ಲಿನ ಮೇಲೆ ಅವನು ಕುಡುಗೋಲು ಮಸೆಯುತ್ತಿದ್ದ. ಹಬ್ಬದ ದಿನ ಪೂಜೆ ಮಾಡಿಟ್ಟ ಕಬ್ಬಿಣವನ್ನು ಎತ್ತಿಕೊಂಡು ಮಸೆಯುವವರು ಯಾರಾದರೂ ಇದ್ದಾರೆಯೆ? ಕುಂಕುಮವೂ ಆರಿರಲಿಲ್ಲ.

"ಎಲ್ಲಿಗಿ ಹೊಂಟಿ?" ಎಂದು ಕೇಳಿದೆ.

"ನಿನಗ್ಯಾಕ ಬೇಕಕ್ಕಾ, ಒಳಗ ನಡಿ," ಎಂದ. ಮುಖ ಎತ್ತಲಿಲ್ಲ. ಶಾಲು ಹೊದ್ದು, ಕುಡುಗೋಲನ್ನು ಅದರೊಳಗೆ ಮುಚ್ಚಿಕೊಂಡು ಖಣಿಯ ಕಡೆ ಹೋದ.

ಆ ಹೊತ್ತಿನಲ್ಲಿ ಬಸವಂತರಾಯ ತನ್ನ ಖಣಿಯ ಪೂಜೆಗೆ ಹೋಗಿರುತ್ತಾನೆ ಎಂಬುದು ನನಗೆ ಗೊತ್ತಿತ್ತು. ನಾನು ಅಕ್ಕ. ಓಡಿಹೋಗಿ ಅವನ ಶಾಲು ಹಿಡಿದು ಜಗ್ಗಿ, ಏನದು ತೆಗಿ ಎಂದು ಕೇಳಬಹುದಾಗಿತ್ತು. ಬೀದಿಯಲ್ಲಿ ಬೈದರೆ ಬೈಸಿಕೊಳ್ಳುತ್ತಿದ್ದ. ಚಿಕ್ಕವನಿದ್ದಾಗ ನನ್ನ ಕೈಯಲ್ಲಿ ಎಷ್ಟು ಏಟು ತಿಂದಿದ್ದಾನೆ! ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ. ಅವನೇನು ಮಾಡಲು ಹೊರಟಿದ್ದಾನೆಂದು ನನಗೆ ಪೂರಾ ಗೊತ್ತಿದೆ ಎಂದುಕೊಂಡೆ. ಮೂರು ವರ್ಷದ ಹಗೆ ನನ್ನ ತಲೆಯಲ್ಲೂ ಹೊಕ್ಕಿತ್ತು, ನಾನೊಬ್ಬಳು ಅದರ ಹೊರಗಿದ್ದೇನೆಂದು ಮೆರೆಯುತ್ತಿದ್ದೆ, ಅಷ್ಟೆ.

ಮಾಳಿಗೆ ಹತ್ತಿದೆ. ಲಲಿತಾಳನ್ನು ಕರೆದೆ. "ನಮ್ಮವ ಕುಡುಗೋಲು ಮುಚ್ಕೊಂಡು ಹೋಗ್ಯಾನ. ಇವತ್ತ ನಿಮ್ಮವರಿಗಿ ಹೊರಗ ಬಿಡಬ್ಯಾಡ. ಮಂದಿ ಕಳಿಸಿ ಖಣಿಯಿಂದ ಕರಸು, ಒಳಗಿಟ್ಟು ಅಗಳಿ ಹಾಕು," ಎಂದೆ. ಬಳೆ ತುಂಬಿದ ಅವಳ ಕೈ ನೋಡಿದೆ. ನನಗಾದದ್ದು ಇವಳಿಗಾಗಬಾರದು ಎಂದುಕೊಂಡೆ, ಅದು ಖರೆ. ನನ್ನ ತಮ್ಮ ಕೊಲೆಗಾರನಾಗಬಾರದು ಎಂದುಕೊಂಡೆ, ಅದೂ ಖರೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದೆ.

ಬಸವಂತರಾಯ ಬೇರೆ ದಾರಿಯಿಂದ ಮನೆಗೆ ಬಂದ. ಅಗಳಿ ಬಿತ್ತು. ಆದರೆ ಅವಳು ಕಾರಣ ಹೇಳಲೇಬೇಕಾಯಿತು. ಅವನು ಒಳಗೆ ಸುಮ್ಮನೆ ಕೂರುವ ಮನುಷ್ಯನೆ? ಹಾರೆ ತೆಗೆದುಕೊಂಡು ಬಾಗಿಲ ಹಿಂದೆ ಕೂತ.

ಹೊತ್ತು ಮುಳುಗುವಾಗ ನಾನು ಮತ್ತೆ ಮಾಳಿಗೆಯ ಮೇಲಿದ್ದೆ, ಅವರ ಬಾಗಿಲು ಹಾಕಿದೆಯೋ ಇಲ್ಲವೋ ನೋಡಲು. ಹಾಕಿತ್ತು, ಮನಸ್ಸಿಗೆ ಸಮಾಧಾನವಾಯಿತು. ಅಷ್ಟರಲ್ಲಿ ನಿನ್ನಪ್ಪ ಬೀದಿಯ ತುದಿಯಲ್ಲಿ ಕಂಡ. ಬಲಗೈ ಶಾಲಿನೊಳಗೇ ಇತ್ತು. ನಮ್ಮ ಬಾಗಿಲು ದಾಟಿ ಮುಂದೆ ಹೋದ. ಅವರ ಬಾಗಿಲಿಗೆ ನಿಂತು, ಮೂರು ವರ್ಷದಿಂದ ಕರೆಯದ ಹೆಸರು ಹಿಡಿದು, "ಬಸ್ಸೂ, ಬಾಗಲಾ ತೆಗಿ," ಎಂದ. ದನಿ ಗಟ್ಟಿಯಾಗಿತ್ತು. ನಾಚಿಕೆಯಾದಾಗ ಅವನ ದನಿ ಹಾಗೇ ಗಟ್ಟಿಯಾಗುತ್ತಿತ್ತು, ಚಿಕ್ಕಂದಿನಿಂದಲೂ. ನಾನು ಮೇಲಿಂದ ಕೂಗಬಹುದಾಗಿತ್ತು. ಯಾರನ್ನು ಕೂಗಲಿ? ತಮ್ಮಾ ಎಂದು ಕೂಗಿದರೆ, ನಾನು ಅಲ್ಲಿ ಯಾಕೆ ನಿಂತಿದ್ದೇನೆಂದು ಗೊತ್ತಾಗುತ್ತದೆ ಎಂಬ ಹೆದರಿಕೆ. ಬಾಯಿ ತೆರೆಯಲಿಲ್ಲ. ಅಗಳಿ ಸರಿದ ಸದ್ದು ಕೇಳಿತು. ನಿನ್ನಪ್ಪ ಶಾಲಿನಿಂದ ಕೈ ಹೊರಗೆ ತೆಗೆಯಲು ಹೋದ. ಹಾರೆ ಅವನ ತಲೆಯ ಮೇಲೆ ಬಿತ್ತು.

ಶಾಲು ಬಿಚ್ಚಿಕೊಂಡಿತು. ಬನ್ನಿಯ ಒಂದು ಟೊಂಗೆ ಹೊರಗೆ ಬಿತ್ತು. ಬಸವಂತರಾಯ ಅದನ್ನು ನೋಡಿದ. ಹಾರೆ ಬಿಟ್ಟು ಕೂತ. ಆಮೇಲೆ ಅವನು ಕೂಗಿದ ಕೂಗು ಇದೆಯಲ್ಲ, ಅಂಬೂ, ಕೊಂದವನು ಹಾಗೆ ಕೂಗುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ನಿನ್ನಪ್ಪನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡವನು ಪೊಲೀಸರು ಬರುವವರೆಗೂ ಏಳಲಿಲ್ಲ. ಇದನ್ನೂ ನಾನು ನಿನಗೆ ಹೇಳಿರಲಿಲ್ಲ.

ಮೂರನೆಯ ದಿನ ಪೀರಪ್ಪ ಕುಡುಗೋಲು ಹಿಡಿದುಕೊಂಡು ಬಂದ. ಈಗ ನಿನ್ನ ಜೊತೆ ಕಲ್ಲು ಕೀಳುವ ಪೀರಪ್ಪನೇ. ಆಗ ಖಣಿಯ ಹತ್ತಿರ ಗುಡಿಸಲಿನಲ್ಲಿ ಇದ್ದ. ನಡುಗೋಡೆಯ ಉಳಿದ ತುದಿಯಲ್ಲಿ ಒಂದು ಬನ್ನಿ ಗಿಡ ಇತ್ತು. ಮೂರು ವರ್ಷ ಯಾರೂ ಆ ಕಡೆ ಕಾಲಿಡದೆ ಸುತ್ತ ಜಾಲಿ ಹಬ್ಬಿತ್ತು. ನಿನ್ನಪ್ಪ ಆ ಜಾಲಿಯನ್ನು ಸವರಿ ದಾರಿ ಮಾಡಿಕೊಂಡು, ಆ ಗಿಡದ್ದೇ ಬನ್ನಿ ಬೇಕೆಂದು ಟೊಂಗೆ ಮುರಿದನಂತೆ. ಯಾವ ನೆಲಕ್ಕೆ ಜಗಳವೋ ಆ ನೆಲದ ಬನ್ನಿ. ಅದನ್ನು ಕೊಟ್ಟರೆ ನೆಲವನ್ನೇ ಬಿಟ್ಟುಕೊಟ್ಟ ಹಾಗೆ. ವಾಪಸು ಬರುವಾಗ ಕುಡುಗೋಲನ್ನು ಪೀರಪ್ಪನ ಗುಡಿಸಲಿನಲ್ಲಿ ಇಟ್ಟನಂತೆ. "ಇದ ಇಲ್ಲೇ ಇರಲಿ ಪೀರಪ್ಪಾ, ಕಬ್ಬಣ ಹಿಡ್ಕೊಂಡು ಬನ್ನಿ ಕೊಡಬಾರದು. ನಿನ್ನಿ ನನ್ನ ಮಗಗ ಹೊಡದೀನಿ. ಯಾಕ ಹೊಡದಾ ಅಂತ ಆ ಕೂಸಿಗಿ ಗೊತ್ತೇ ಇಲ್ಲ. ಹಿಂಗ ಇನ್ನ ಎಷ್ಟ ದಿನ?" ಎಂದನಂತೆ. ನಮ್ಮ ಕಡೆಯವರು ಕಂಡರೆ ತಲೆ ಬಾಗಿಸಿದ ಎಂದು ನಗುತ್ತಾರೆಂದು ಬನ್ನಿಯನ್ನು ಶಾಲಿನೊಳಗೆ ಮುಚ್ಚಿಕೊಂಡನಂತೆ.

ಇದೆಲ್ಲ ಹೇಳಿ ಪೀರಪ್ಪ ಅತ್ತ. ನಾನು ಅಳಲಿಲ್ಲ. ಕುಡುಗೋಲು ಇಸಿದುಕೊಂಡು ಒಳಗೆ ಹೋದೆ.

ಗುಲ್ಬರ್ಗಾ ಕೋರ್ಟಿನಲ್ಲಿ ಪೀರಪ್ಪ ಸಾಕ್ಷಿ ಹೇಳಿದ. ಬರಿಗೈಯಲ್ಲಿ ಬನ್ನಿ ತಂದವನನ್ನು ಹೊಂಚು ಹಾಕಿ ಕೊಂದದ್ದು ಎಂದು ಕೇಸು ಗಟ್ಟಿಯಾಯಿತು. ಬಸವಂತರಾಯನನ್ನು ಅವನ ವಕೀಲರೇ ಎರಡು ಸಲ ಕೇಳಿದರು, ನಾಗೇಂದ್ರಪ್ಪ ಆಯುಧ ತರುತ್ತಾನೆ ಎಂದು ನಿನಗೆ ಯಾರು ಹೇಳಿದರು, ಹೆಸರು ಹೇಳು, ಶಿಕ್ಷೆ ಕಡಿಮೆಯಾಗುತ್ತದೆ ಎಂದು. ನಾನು ನಿನ್ನ ಅವ್ವ ಗುಂಡಮ್ಮನ ಪಕ್ಕದಲ್ಲಿ ಕೂತಿದ್ದೆ. ನನ್ನ ಕೈ ಅವಳ ಕೈಯಲ್ಲಿತ್ತು. ಬಸವಂತರಾಯ ಒಂದು ಸಲ ನಮ್ಮ ಕಡೆ ನೋಡಿದ. "ಯಾರೂ ಹೇಳಿಲ್ರಿ ಸಾಹೇಬ್ರ. ನಾನೇ ತಿಳ್ಕೊಂಡೆ," ಎಂದ. ಲಲಿತಾಳನ್ನು ಕೇಳಿದಾಗ ಅವಳೂ, ನನಗೇನೂ ಗೊತ್ತಿಲ್ರಿ ಎಂದಳು. ನನ್ನ ಹೆಸರು ಬಂದಿದ್ದರೆ ನಮ್ಮ ಕಡೆಯವರು ನನ್ನನ್ನು ಜೀವಸಹಿತ ಬಿಡುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಜನ್ಮಾವಧಿ ಶಿಕ್ಷೆ ಕೂಗಿದಾಗ ಗುಂಡಮ್ಮ ನನ್ನ ಕೈ ಹಿಸುಕಿ, "ನ್ಯಾಯ ಆಯ್ತಕ್ಕಾ," ಎಂದಳು. ನಾನು ಹೌದು ಎಂದೆ. ಎರಡು ವರ್ಷಕ್ಕೆ ಅವಳೂ ಹೋದಳು, ಹಾಗೇ ನಂಬಿಕೊಂಡು.

ಆಮೇಲಿನ ಪಾಪ ಇದಕ್ಕಿಂತ ದೊಡ್ಡದು. ನಿನ್ನನ್ನು ಕೂರಿಸಿಕೊಂಡು ಉಣ್ಣಿಸುವಾಗ ಒಂದು ತುತ್ತಿಗೆ ನಿನ್ನಪ್ಪನ ಹೆಸರು ಹೇಳುತ್ತಿದ್ದೆ, ಇನ್ನೊಂದು ತುತ್ತಿಗೆ ಬಸವಂತರಾಯನ ಹೆಸರು. ಏಳು ವರ್ಷದವನಿದ್ದಾಗ ನೀನು, "ಅತ್ತೀ, ಅವ ಯಾಕ ಹೊಡದ?" ಎಂದು ಕೇಳಿದ್ದೆ. "ಅವರ ರಕ್ತಾನೇ ಅಂಥಾದ್ದು," ಎಂದೆ. ಕೂಸಿಗೆ ಹೇಳುವ ಮಾತೆ ಅದು? ಅವನು ರಾಕ್ಷಸನಾದಷ್ಟೂ ನನಗೆ ನಿದ್ದೆ ಬರುತ್ತಿತ್ತು. ಅವನು ಮನುಷ್ಯನಾದ ದಿನ ನಾನು ಏನಾಗಬೇಕು? ಹೀಗೆ ನನ್ನ ನಿದ್ದೆಗಾಗಿ ನಿನ್ನ ಎದೆಯಲ್ಲಿ ಬೆಂಕಿ ಇಟ್ಟು ಊದುತ್ತ ಬಂದೆ. ಸಾಲಿಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಹಲಗೆಯ ಮೇಲೆ ಬರೆಸುತ್ತಿದ್ದ ಟೀಚರಬಾಯಿ!

ನಿದ್ದೆಯೂ ಪೂರಾ ಬರಲಿಲ್ಲ ಬಿಡು. ಬೇಸಿಗೆಯಲ್ಲಿ ಊರೆಲ್ಲ ಮಾಳಿಗೆಯ ಮೇಲೆ ಮಲಗಿದರೆ ನಾನೊಬ್ಬಳು ಕೆಳಗೆ ಬೇಯುತ್ತಿದ್ದೆ, ನನಗೆ ಚೇಳಿನ ಹೆದರಿಕೆ ಎಂದು ನಿನಗೆ ಹೇಳುತ್ತಿದ್ದೆ. ಯಾರ ಮನೆಯ ಅಗಳಿ ಸರಿದರೂ ನನ್ನ ಕೈಯಲ್ಲಿದ್ದದ್ದು ಬೀಳುತ್ತದೆ. ಇಲ್ಲಿ ಶಹಾಬಾದಿಗೆ ವರ್ಗವಾಗಿ ಬಂದಮೇಲೂ, ದಸರೆಯ ಸಂಜೆ ಸಾಲಿಯ ಹುಡುಗಿಯರು ಬನ್ನಿ ತಂದು, ಬಂಗಾರದಂಗ ಇರೋಣ್ರಿ ಬಾಯಾರೆ ಎಂದು ಕಾಲು ಮುಟ್ಟುತ್ತಾರೆ. ತೆಗೆದುಕೊಳ್ಳುವಾಗ ಆ ಎಳೆಯ ಕೈಗಳ ಹಿಂದೆ ಒಂದು ದೊಡ್ಡ ಕೈ ಕಾಣುತ್ತದೆ. ಅದು ಏನನ್ನೂ ಕೇಳುವುದಿಲ್ಲ. ಶಾಲಿನಿಂದ ಹೊರಗೆ ಬರಲು ನೋಡುತ್ತಿರುತ್ತದೆ. ಬಾಗಿಲು ಹಾಕಿಕೊಂಡರೆ, "ನಿನಗ್ಯಾಕ ಬೇಕಕ್ಕಾ, ಒಳಗ ನಡಿ" ಎಂದು ಅವನು ಅಂದದ್ದು ಕಿವಿಯಲ್ಲೇ ಇರುತ್ತದೆ. ಕೇಳಿದ್ದರೆ ಹೇಳುತ್ತಿದ್ದನೇನೋ. ಇನ್ನೊಮ್ಮೆ ಕೇಳಿದ್ದರೆ ಸಾಕಿತ್ತು.

ಅದಕ್ಕೇ ಹೋದ ಭಾನುವಾರ ಲಲಿತಾಳಿಗೆ ನಾನು ಹೌದೆನ್ನಲಿಲ್ಲ, ಇಲ್ಲ ಎನ್ನಲಿಲ್ಲ. "ಕೊಡ್ಲಿ ಯಾಕ ಮಾಡ್ಸ್ಯಾನೋ ನನಗ ಗೊತ್ತಿಲ್ಲವ್ವಾ. ಅವನಿಗೇ ಕೇಳ್ತೀನಿ. ನೀ ನಿಮ್ಮವರಿಗಿ ಕರ್ಕೊಂಡು ಬಾ, ನಾನೂ ಜೊತಿಗಿ ಬರ್ತೀನಿ," ಎಂದೆ. ಈಗ ಕೇಳುತ್ತಿದ್ದೇನೆ ಅಂಬಾರಾಯಾ. ಆ ಕೊಡಲಿ ಯಾತಕ್ಕೆ? ಮಳೆಗೆ ಖಣಿಯ ದಾರಿಯಲ್ಲಿ ಜಾಲಿ ಬೆಳೆದಿದೆ, ಅದಕ್ಕಿರಬಹುದು. ಒಲೆಗೆ ಸೌದೆ ಇಲ್ಲ ಎಂದು ನಾನೇ ಹೋದ ತಿಂಗಳು ಬೈದಿದ್ದೆ, ಅದಕ್ಕಿರಬಹುದು. ಹಾಗಿದ್ದರೆ ಈ ಹುಚ್ಚು ಮುದುಕಿಯನ್ನು ನೋಡಿ ನಕ್ಕುಬಿಡು. ಹಾಗಲ್ಲದಿದ್ದರೆ, ಅದನ್ನು ಎತ್ತುವ ಮುಂಚೆ ನಿನ್ನಪ್ಪನನ್ನು ಕೊಲ್ಲಿಸಿದ್ದು ಯಾರ ಮಾತು ಎಂದು ನಿನಗೆ ಗೊತ್ತಿರಲಿ. ಆ ಮಾತಾಡಿದವಳು ಹದಿನಾಲ್ಕು ವರ್ಷ ನಿನಗೆ ರೊಟ್ಟಿ ಬಡಿದು ಹಾಕಿದ್ದಾಳೆ.

ಕ್ಷಮೆ ಕೇಳಲು ಬರೆದದ್ದಲ್ಲ ಇದು. ಅದನ್ನು ಕೇಳುವ ಮುಖ ನನಗಿಲ್ಲ. ನೀನು ಇನ್ನು ಮೇಲೆ ನನ್ನನ್ನು ಅತ್ತಿ ಎಂದು ಕರೆಯದಿರಬಹುದು. ಇಷ್ಟು ವರ್ಷ ನಾನು ಹೆದರಿದ್ದು ಕೋರ್ಟಿಗಲ್ಲ, ಮಂದಿಗಲ್ಲ, ಅದೊಂದಕ್ಕೇ. ಈಗ ಅದಕ್ಕಿಂತ ದೊಡ್ಡ ಹೆದರಿಕೆ ಬಂದಿದೆ. ನೀನು ಗುಲ್ಬರ್ಗಾ ಜೈಲಿಗೆ ಹೋಗಬಾರದು, ಅವರ ಕಡೆಯ ಯಾವ ಕೂಸೂ ನಿನ್ನ ಹೆಸರು ಹೇಳಿಕೊಂಡು ತುತ್ತು ನುಂಗಬಾರದು.

ಸೋಮವಾರ ಲಲಿತಾ ಗುಲ್ಬರ್ಗಾಕ್ಕೆ ಹೋಗಿ ಅವನನ್ನು ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ಕರೆತರುತ್ತಾಳೆ. ನಾನು ಅದೇ ಗಾಡಿಯನ್ನು ಶಹಾಬಾದಿನಲ್ಲಿ ಹತ್ತುತ್ತೇನೆ. ಮೂವರೂ ವಾಡಿಯಲ್ಲಿ ಇಳಿಯುತ್ತೇವೆ. ಅಲ್ಲಿಂದ ಊರಿಗೆ ಎರಡು ಮೈಲಿ, ನಡೆದೇ ಬರುತ್ತೇವೆ. ಮುಂದೆ ನಾನಿರುತ್ತೇನೆ, ನನ್ನ ಹಿಂದೆ ಅವರಿಬ್ಬರು. ಮೊಣಕಾಲು ನೋವಿದೆ, ಮೆಲ್ಲಗೆ ಬರುತ್ತೇನೆ. ನೀನು ಎದುರಿಗೆ ಬಂದರೆ ಮೊದಲು ಸಿಗುವವಳು ನಾನೇ. ಏನು ಕೇಳಬೇಕೋ, ಏನು ಮಾಡಬೇಕೋ, ನನ್ನಿಂದ ಶುರು ಮಾಡು.

ನಿನಗೆ ಹದಿನೆಂಟು ತುಂಬಿತು. ನಿನ್ನಪ್ಪ ಹೋದಾಗ ಅವನಿಗೆ ಇಪ್ಪತ್ತೊಂಬತ್ತು. ನೂರು ವರ್ಷ ಬಾಳು ಎಂದು ಹರಸುವುದು ವಾಡಿಕೆ, ನನಗೆ ಅಷ್ಟು ಆಸೆಯಿಲ್ಲ. ನಿನ್ನ ತಲೆಯಲ್ಲೂ ಒಂದು ಬಿಳಿ ಕೂದಲು ಬರಲಿ ಮಗನೇ, ಅವನಿಗೆ ಬರಲಿಲ್ಲ.

ಇಂತು,
ನಿನ್ನನ್ನು ಸಾಕಿದವಳು
ಶಿವಕಾಂತಮ್ಮ